ಪ್ರತಿಕ್ರಿಯೆ: ಲೈಟ್ ಹಾಕಿದ ಗಾಜಿನ ಬೀರುವಿನಲ್ಲಿ ವೈನ್ ಬಿರಡೆ ಉಬ್ಬುತ್ತಿದೆ

ಮೇಲಿನ ಸಾಲಿನ ಬಿರಡೆಗಳು ಮಾತ್ರ ಉಬ್ಬಿವೆ, ಕೆಳಗಿನವು ಸರಿಯಾಗಿವೆ ಅಂದಿದ್ದೀರಿ. ಹಾಗಾದರೆ ಕಾರಣ ಬಹುಶಃ ಬೆಳಕಲ್ಲ, ಬಿಸಿ. ಎಲ್‌ಇಡಿ ತಣ್ಣಗಿರುತ್ತದೆ ಅಂದುಕೊಳ್ಳುತ್ತೇವೆ, ಅಲ್ವಾ? ಅದರ ಪಟ್ಟಿಯ ಹಿಂಬದಿ, ಅದಕ್ಕೆ ಕರೆಂಟ್ ಕೊಡುವ ಡ್ರೈವರ್ ಡಬ್ಬಿ ಎರಡೂ ಚೆನ್ನಾಗಿಯೇ ಕಾಯುತ್ತವೆ. ಮುಚ್ಚಿದ ಬೀರುವಿನಲ್ಲಿ ಆ ಬಿಸಿ ಮೇಲೇರಿ ಅಲ್ಲೇ ನಿಲ್ಲುತ್ತದೆ. ವೈನ್ ಹಿಗ್ಗಿ ಬಿರಡೆಯನ್ನು ತಳ್ಳುತ್ತದೆ. ನನ್ನ ಬೀರುವಿನಲ್ಲೂ ಹೀಗೇ ಆಗಿತ್ತು, ವೈನ್ ಸೋರಿ, ಬಾಟಲಿ ಕತ್ತಿನ ಫಾಯಿಲ್ ಮುಟ್ಟಿದರೆ ಬೆರಳಿಗೆ ಅಂಟು.

ಮೊದಲು ಖಚಿತ ಮಾಡಿಕೊಳ್ಳಿ. ಮೇಲೊಂದು, ಕೆಳಗೊಂದು ಥರ್ಮಾಮೀಟರ್ ಇಟ್ಟು, ಲೈಟ್ ಹಾಕಿ ಮೂರು ಗಂಟೆ ಬಿಡಿ. ಮೇಲೆ ನಾಲ್ಕೈದು ಡಿಗ್ರಿ ಜಾಸ್ತಿ ತೋರಿಸಿದರೆ ಇದೇ ಕಾರಣ. ವ್ಯತ್ಯಾಸವೇ ಇಲ್ಲದಿದ್ದರೆ ಆ ಸಾಲಿಗೆ ಕಿಟಕಿಯ ಬಿಸಿಲು ಬೀಳುತ್ತಾ ನೋಡಿ.

ಆಮೇಲೆ ಡ್ರೈವರನ್ನು ಬೀರುವಿನಿಂದ ಹೊರಗೆ ಹಾಕಿಸಿ. ಅರ್ಧ ಸಮಸ್ಯೆ ಅಲ್ಲೇ ಮುಗಿಯಬಹುದು. ಪಟ್ಟಿಯನ್ನು ಅಲ್ಯೂಮಿನಿಯಂ ಚಾನಲ್‌ನಲ್ಲಿ ಕೂರಿಸಿ, ಹಿಂದಿನ ಹಲಗೆಯ ಮೇಲೂ ಕೆಳಗೂ ಗಾಳಿ ಕಿಂಡಿ ಕೊರೆಸಿ. ಇನ್ನು ಲೈಟ್ ದಿನವಿಡೀ ಯಾಕೆ? ಸುಮ್ನೆ ಒಂದು ಟೈಮರ್ ಹಾಕಿ, ಸಂಜೆ ಎರಡು ಗಂಟೆ ಸಾಕು.

ಬಣ್ಣವಿಲ್ಲದ ಗಾಜಿನ ಬಾಟಲಿಗಳನ್ನು ಮಾತ್ರ ಬೆಳಕಿಗೆ ಒಡ್ಡಬೇಡಿ, ಎಲ್‌ಇಡಿಯಲ್ಲೂ ಅವುಗಳ ರುಚಿ ಕೆಡಬಹುದು. ಕಾರ್ಕ್ ಇರುವವನ್ನು ಮಲಗಿಸಿಡಿ, ಇಲ್ಲದಿದ್ದರೆ ಬಿರಡೆ ಒಣಗುತ್ತದೆ. ವರ್ಷಗಟ್ಟಲೆ ಇಡಬೇಕಾದ ವೈನ್‌ಗೆ 12–14 ಡಿಗ್ರಿಯ ಕತ್ತಲೆ ಜಾಗವೇ ಬೇಕು. ಬೀರುವಿನಲ್ಲಿ ಅದರ ಖಾಲಿ ಬಾಟಲಿ ಇಟ್ಟರೂ ನೋಡುವವರಿಗೆ ಗೊತ್ತಾಗುವುದಿಲ್ಲ!

ಈಗಾಗಲೇ ಬಿರಡೆ ಉಬ್ಬಿರುವ ಬಾಟಲಿಗಳನ್ನು ಇನ್ನೂ ಇಟ್ಟುಕೊಂಡು ಕೂರಬೇಡಿ, ಮೊದಲು ಅವನ್ನೇ ತೆರೆಯಿರಿ.