ಮಂಕಾದ ಕಾರಿಗೆ ಮತ್ತೆ ಹೊಳಪು

ಪ್ರಶ್ನೆ: ಎರಡು ಮಳೆಗಾಲ ಕಾಫಿ ತೋಟದ ಸಿಲ್ವರ್ ಓಕ್ ಮರದಡಿ ನಿಂತ ಕಾರು ಮಂಕಾಗಿದೆ. ನಾನೇ ಪಾಲಿಶ್, ವ್ಯಾಕ್ಸ್ ಮಾಡಬಹುದೇ?
– ಓದುಗರು, ಸೋಮವಾರಪೇಟೆ

ಉತ್ತರ: ಖಂಡಿತ. ಮೊದಲು ಕಾರ್ ಶಾಂಪೂ ಹಾಕಿ ತೊಳೆಯಿರಿ. ಗಾಜಿನ ರಬ್ಬರಿನ ಪಾಚಿಗೆ ಹಳೆಯ ಟೂತ್‌ಬ್ರಷ್ ಸಾಕು. ಕೈಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಬಾನೆಟ್ ಸವರಿ. ತರಿತರಿ ಎನಿಸಿದರೆ ಶಾಂಪೂ ನೀರು ಚಿಮುಕಿಸಿ, ಕ್ಲೇ ಬಾರನ್ನು (ಬಣ್ಣಕ್ಕೆ ಅಂಟಿದ ಕೊಳೆ ಎಳೆದು ತೆಗೆಯುವ, ಜೇಡಿಮಣ್ಣಿನಂಥ ಮೆತ್ತನೆಯ ತುಂಡು) ಒತ್ತದೆ ಉಜ್ಜಿ. ಅದು ನೆಲಕ್ಕೆ ಬಿದ್ದರೆ ದಯವಿಟ್ಟು ಎಸೆದುಬಿಡಿ, ಅಂಟಿದ ಒಂದೇ ಮರಳಿನ ಕಣ ಉದ್ದಕ್ಕೂ ಗೀರೆಳೆಯುತ್ತದೆ. ನೆರಳಿನಲ್ಲಿ, ಒಮ್ಮೆಗೆ ಎರಡಡಿ ಚೌಕದಷ್ಟೇ ಜಾಗಕ್ಕೆ ನಾಣ್ಯದಷ್ಟು ಪಾಲಿಶ್ ಹಾಕಿ ಉಜ್ಜಿ, ಒರೆಸಿ. ಅಂಚುಗಳಲ್ಲಿ ಬಣ್ಣ ತೆಳು, ಕೈ ಹಗುರವಿರಲಿ. ಪಾಲಿಶ್ ಮುಗಿದ ಮೇಲೆ ವ್ಯಾಕ್ಸ್. ಅದು ದಪ್ಪವಾದರೆ ಒಣಗದೆ ಮೆತ್ತಿಕೊಳ್ಳುತ್ತದೆ. ಮಂಜು ಮುಸುಕಿದ ದಿನವಂತೂ ಬೇಡವೇ ಬೇಡ. ತೆಳುವಾಗಿ ಸವರಿ, ಬೆರಳಿಂದ ಗೀರಿದ ಜಾಗ ಸ್ವಚ್ಛವಾಗಿ ಕಂಡಾಗ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ.