ಐದು ದಿನವೋ ಎಂಟು ದಿನವೋ: ಒಂದು ಆಪ್ತಸಲಹೆ ಪ್ರಕರಣ

ಈ ದಂಪತಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಇಲ್ಲಿ ಅವರನ್ನು ಟೀಚರ್, ರಾಯರು ಎಂದಷ್ಟೇ ಕರೆಯುತ್ತೇನೆ.

ಟೀಚರ್‌ಗೆ 61, ರಾಯರಿಗೆ 66. ಜಯನಗರದ ಕಡೆ ಮನೆ. ಟೀಚರ್ ಪಿಯು ಕಾಲೇಜಿನಲ್ಲಿ 30 ವರ್ಷ ಜೀವಶಾಸ್ತ್ರ ಪಾಠ ಮಾಡಿದವರು. ರಾಯರು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಮಗಳ ಮದುವೆ ಮುಗಿದಿದೆ, ಮನೆ ಸಾಲ ತೀರಿದೆ. ಈಗ ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶಕ್ಕೆ ಸೇರಿದ, ಜೀವವಿಕಾಸದ ಡಾರ್ವಿನ್ ಹೋಗಿ ಬಂದ ಗಲಾಪಗೋಸ್ ದ್ವೀಪಗಳಿಗೆ ಹೋಗಬೇಕು ಅನ್ನುವುದು ಟೀಚರ್ ಆಸೆ. ಡಾರ್ವಿನ್, ಫಿಂಚ್ ಹಕ್ಕಿಗಳ ಕೊಕ್ಕು, ನಿಸರ್ಗದ ಆಯ್ಕೆ ಅಂತ ಪ್ರತಿ ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿದವರಿಗೆ ಆ ಜಾಗ ನೋಡುವ ಆಸೆ ಇರುವುದು ಸಹಜ ಅಲ್ವಾ?

ಹೋಗುವುದಕ್ಕೆ ರಾಯರೂ ಒಪ್ಪಿದ್ದರು. ಜಗಳ ಇದ್ದದ್ದು ದಿನಗಳ ಮೇಲೆ. ಅಲ್ಲಿ ಸಣ್ಣ ಹಡಗಿನಲ್ಲಿ ದ್ವೀಪದಿಂದ ದ್ವೀಪಕ್ಕೆ ಹೋಗುತ್ತಾರೆ. ರಾಯರು 5 ದಿನದ ಕ್ರೂಸ್ ಸಾಕು ಅಂತಾರೆ. ಟೀಚರ್ 8 ದಿನದ್ದೇ ಆಗಬೇಕು ಅಂತಾರೆ. ಎರಡು ತಿಂಗಳಿಂದ ಇದೇ ಮಾತು. ಕೊನೆಕೊನೆಗೆ ಮಾತೇ ಇಲ್ಲ.

ಟೀಚರ್ ಎರಡೂ ಕ್ರೂಸ್‌ಗಳ ಪ್ರಿಂಟ್ ತಂದಿದ್ದರು. ಹಾಳೆಯ ಮೇಲೆಲ್ಲ ಕೆಂಪು ಪೆನ್ನಿನ ಗುರುತು, ಉತ್ತರಪತ್ರಿಕೆ ತಿದ್ದಿದ ಹಾಗೆ. ಒಂದು ಕಡೆ ಅಂಚಿನಲ್ಲಿ "ಹಾರಲಾರದ ನೀರುಕಾಗೆ, ಬಿಡಬಾರದು" ಎಂದು ಬರೆದು ಎರಡು ಗೆರೆ ಎಳೆದಿದ್ದರು. 5 ದಿನದ ಹಾಳೆಯಲ್ಲಿ ಮೊದಲ ದಿನಕ್ಕೂ ಕೊನೆಯ ದಿನಕ್ಕೂ ಅಡ್ಡಗೀಟು ಹಾಕಿದ್ದರು.

"ಲೆಕ್ಕ ನೋಡಿ ಮೇಡಂ" ಎಂದರು. ಅವರ ಲೆಕ್ಕ ಸರಿಯಾಗಿತ್ತು. ಮೊದಲ ದಿನ ಈಕ್ವೆಡಾರ್‌ನಿಂದ ವಿಮಾನದಲ್ಲಿ ಸುಮಾರು 1,000 ಕಿಲೋಮೀಟರ್ ಸಮುದ್ರ ದಾಟಿ ಬಂದು ಹಡಗು ಹತ್ತುವ ಹೊತ್ತಿಗೆ ಮಧ್ಯಾಹ್ನ. ಕೊನೆಯ ದಿನ ಬೆಳಿಗ್ಗೆ ಒಂದಿಷ್ಟು ಸುತ್ತಿಸಿ ವಾಪಸ್ ವಿಮಾನಕ್ಕೆ ಬಿಡುತ್ತಾರೆ. ಅಂದರೆ 5 ದಿನದ ಕ್ರೂಸ್‌ನಲ್ಲಿ ಪೂರ್ತಿ ಸಿಗುವುದು 3 ದಿನ, 8 ದಿನದ್ದರಲ್ಲಿ 6 ದಿನ. ಬೆಂಗಳೂರಿನಿಂದ ಭೂಮಿಯ ಆ ಬದಿಗೆ ಹೋಗಿ 3 ದಿನ ನೋಡಿ ಬರುವುದಾ?

ರಾಯರು ಎದುರು ವಾದ ಮಾಡಲಿಲ್ಲ. "ಅಷ್ಟೊಂದು ದಿನ ನೀರಿನ ಮೇಲೆ ಯಾಕೆ, ಸುಮ್ನೆ" ಎಂದರು. ದುಡ್ಡಿನ ತೊಂದರೆಯಾ ಅಂತ ಕೇಳಿದೆ. ಅಲ್ಲ ಎಂದರು. ಆ ದಿನ ನಾನು ಒಂದು ತಪ್ಪು ಮಾಡಿದೆ. 6 ದಿನದ್ದು ಯಾವುದಾದರೂ ಇದೆಯಾ ನೋಡಿ ಅಂತ ಹೇಳಿ ಕಳಿಸಿದೆ. ಯಾಕೆ ಬೇಡ ಅನ್ನುವುದು ತಿಳಿಯುವ ಮೊದಲೇ ಮಧ್ಯದ ದಾರಿ ತೋರಿಸಿದರೆ ಇಬ್ಬರಿಗೂ ಸಮಾಧಾನ ಆಗುವುದಿಲ್ಲ.

ಎದ್ದು ಹೊರಡುವಾಗ ಟೀಚರ್ ಬಾಗಿಲ ಹತ್ತಿರ ಹಿಂದೆ ಉಳಿದರು. "ಇವರಿಗೆ ನನ್ನ ಜೊತೆ ಎಂಟು ದಿನ ಇರೋದೇ ಬೇಡ ಅನಿಸುತ್ತೆ ಮೇಡಂ. ಹಾಸನದ ಮದುವೆಗೂ ಬರಲಿಲ್ಲ. ನಾಟಕಕ್ಕೆ ಕರೆದರೂ ಬರಲ್ಲ" ಎಂದರು. ಕಣ್ಣು ತುಂಬಿತ್ತು.

ಎರಡನೇ ಭೇಟಿಗೆ ಸಿಲ್ಕ್ ಬೋರ್ಡ್ ಹತ್ತಿರ ಟ್ರಾಫಿಕ್‌ನಲ್ಲಿ ಸಿಕ್ಕಿ 40 ನಿಮಿಷ ತಡವಾಗಿ ಬಂದರು. ರಾಯರು ಚಪ್ಪಲಿ ಬಿಟ್ಟವರೇ ನಮಸ್ಕಾರವನ್ನೂ ಹೇಳದೆ ನೇರ ಬಚ್ಚಲಮನೆಗೆ ಹೋದರು. ಏಪ್ರಿಲ್ ಬಿಸಿಲು. ನಮ್ಮ ಹುಡುಗಿ ನೀರು ತಂದಿಟ್ಟಳು. ಟೀಚರ್ ಎರಡು ಲೋಟ ಕುಡಿದರು. ರಾಯರು ಲೋಟವನ್ನು ಬೆರಳಿನಿಂದ ಮೆಲ್ಲಗೆ ಆಚೆ ಸರಿಸಿದರು. ತುಟಿ ಒಣಗಿತ್ತು. ಹೋದ ಸಲ ಕಾಫಿಯನ್ನೂ ಬೇಡ ಎಂದಿದ್ದು ಆಗ ನೆನಪಾಯಿತು.

ಟೀಚರನ್ನು ಹೊರಗೆ ಕೂರಲು ಹೇಳಿ ರಾಯರನ್ನೊಬ್ಬರನ್ನೇ ಕೇಳಿದೆ. "ಹೊರಗೆ ಹೊರಟಾಗ ನೀರು ಕುಡಿಯೋದು ಬಿಟ್ಟಿದ್ದೀರಾ ಸರ್?"

ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಎಲ್ಲ ಹೇಳಿದರು. ಎರಡು ವರ್ಷದಿಂದ ಗಂಟೆಗೊಮ್ಮೆ ಮೂತ್ರಕ್ಕೆ ಹೋಗಬೇಕು. ಬಂತು ಅಂದರೆ ತಡೆಯಲು ಆಗುವುದಿಲ್ಲ. ರಾತ್ರಿ ನಾಲ್ಕೈದು ಸಲ ಏಳುತ್ತಾರೆ. ಒಮ್ಮೆ ಬಸ್ಸಿನಲ್ಲಿ ಪ್ಯಾಂಟು ಒದ್ದೆಯಾಗಿತ್ತು. ಪ್ರಾಸ್ಟೇಟ್, ಅಂದರೆ ಗಂಡಸರ ಮೂತ್ರಕೋಶದ ಕೆಳಗಿನ ಗ್ರಂಥಿ, ಊದಿರಬೇಕು ಅಂತ ಅವರಿಗೇ ಗೊತ್ತು. ಆದರೂ ಡಾಕ್ಟರ ಹತ್ತಿರ ಹೋಗಿಲ್ಲ, ಹೆಂಡತಿಗೆ ಹೇಳಿಲ್ಲ. ಆ ಪ್ರವಾಸದ ಹಾಳೆಯಲ್ಲಿ ಅವರು ಓದಿದ್ದು ಒಂದೇ ಸಾಲು: ದಿನಕ್ಕೆ ಎರಡು ಸಲ ರಬ್ಬರ್ ದೋಣಿಯಲ್ಲಿ ದ್ವೀಪಕ್ಕೆ ಇಳಿಯುವುದು, ಪ್ರತಿ ಸಲ ಎರಡು ಮೂರು ಗಂಟೆ. ಆ ದಡಗಳಲ್ಲಿ ಶೌಚಾಲಯ ಇರುವುದಿಲ್ಲ. ಗೈಡ್ ಜೊತೆ ಗುಂಪಿನಲ್ಲೇ, ಗುರುತು ಹಾಕಿದ ದಾರಿಯಲ್ಲೇ ನಡೆಯಬೇಕು.

ವಯಸ್ಸಾದ ಗಂಡಸರಲ್ಲಿ ಈ ತೊಂದರೆ ತುಂಬಾ ಸಾಮಾನ್ಯ. ಔಷಧಿಯಿಂದ ಎಷ್ಟೋ ಜನರಿಗೆ ಹಗುರಾಗುತ್ತದೆ. ಆದರೂ ನಮ್ಮ ಗಂಡಸರು ಬಿ.ಪಿ., ಶುಗರ್ ಬಗ್ಗೆ ಪಾರ್ಕಿನಲ್ಲಿ ಕೂತು ಮಾತಾಡಿದ ಹಾಗೆ ಇದರ ಬಗ್ಗೆ ಮಾತಾಡುವುದಿಲ್ಲ. ಮದುವೆ ಬಿಡುತ್ತಾರೆ, ಊರು ಬಿಡುತ್ತಾರೆ, ನೀರು ಬಿಡುತ್ತಾರೆ. ಇದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನಾನು ರಾಯರಿಗೆ ಹೇಳಿದ್ದು ಇಷ್ಟು. "5 ದಿನಕ್ಕೆ ಹೋದರೂ ದಿನಕ್ಕೆ ಎರಡು ಸಲ ದಡಕ್ಕೆ ಇಳಿಯಲೇಬೇಕು. ಮೂರು ಗಂಟೆಯ ಭಯ ಅಲ್ಲೂ ಇರುತ್ತೆ, ಇಲ್ಲೂ ಇರುತ್ತೆ. ದಿನ ಕಡಿಮೆ ಮಾಡಿದರೆ ಇದು ಹೋಗಲ್ಲ. ಮೊದಲು ಡಾಕ್ಟರು, ಆಮೇಲೆ ಟಿಕೆಟ್ಟು. ಮನೆಯವರಿಗೆ ಇವತ್ತೇ, ಇಲ್ಲೇ ಹೇಳಿ."

ಹೇಳಿದರು. ಟೀಚರ್ ಮೊದಲು ಕೋಪ ಮಾಡಿಕೊಂಡರು. "ಮೂವತ್ತು ವರ್ಷ ವಿಸರ್ಜನಾಂಗ ಪಾಠ ಮಾಡಿದೀನಿ ರೀ, ನನ್ನ ಹತ್ರ ಹೇಳೋಕೆ ನಾಚಿಕೆನಾ?" ಎಂದರು. ಆಮೇಲೆ ಅವರ ಕೈ ಹಿಡಿದುಕೊಂಡು ಕೂತರು.

ಮೂರನೇ ಭೇಟಿಗೆ ಮೂತ್ರರೋಗ ತಜ್ಞರನ್ನು ನೋಡಿ, ಮಾತ್ರೆ ಶುರು ಮಾಡಿ ಬಂದಿದ್ದರು. ಕ್ರೂಸ್ ವಿಷಯದಲ್ಲಿ ಇನ್ನೂ ಎರಡು ಮಾತು ಡಾಕ್ಟರ ಹತ್ತಿರ ಕೇಳಿಕೊಳ್ಳಿ ಎಂದೆ. ಒಂದು, ಹಡಗಿನಲ್ಲಿ ಹೊಟ್ಟೆ ತೊಳಸದಿರಲಿ ಅಂತ ತೆಗೆದುಕೊಳ್ಳುವ ಹಲವು ಮಾತ್ರೆಗಳು ಪ್ರಾಸ್ಟೇಟ್ ಊದಿಕೊಂಡವರಿಗೆ ಮೂತ್ರ ಕಟ್ಟಿಸಬಹುದು. ಅಂಗಡಿಯಲ್ಲಿ ಕೇಳಿ ನುಂಗುವ ಹಾಗಿಲ್ಲ. ಎರಡು, ಈಕ್ವೆಡಾರ್‌ನಿಂದ ಭಾರತಕ್ಕೆ ಮರಳುವವರ ಹತ್ತಿರ ಹಳದಿ ಜ್ವರದ ಲಸಿಕೆ ಪತ್ರ ಇರಬೇಕು. ಇಲ್ಲದಿದ್ದರೆ ಇಳಿದ ಮೇಲೆ 6 ದಿನದವರೆಗೆ ಬೇರೆ ಇಡಬಹುದು. 60 ದಾಟಿದವರಿಗೆ ಮೊದಲ ಸಲ ಆ ಲಸಿಕೆ ಹಾಕುವಾಗ ಅಡ್ಡ ಪರಿಣಾಮದ ಅಪಾಯ ಸ್ವಲ್ಪ ಜಾಸ್ತಿ. ಇಬ್ಬರೂ 60 ದಾಟಿದವರೇ. ಸುಮ್ನೆ ಹೋಗಿ ಹಾಕಿಸಿಕೊಳ್ಳುವ ಸೂಜಿ ಅಲ್ಲ.

ಆಮೇಲೆ ದಿನದ ವಿಷಯಕ್ಕೆ ಬಂದೆವು. ಇಬ್ಬರಿಗೂ ಒಂದೊಂದು ಚೀಟಿ ಕೊಟ್ಟೆ. ಯಾವುದನ್ನು ನೋಡದೆ ಬಂದರೆ ಮನಸ್ಸು ಕೊರಗುತ್ತದೆ, ಬರೆಯಿರಿ ಎಂದೆ. ಟೀಚರ್ ಮೂರು ಬರೆದರು: ಹಾರಲಾರದ ನೀರುಕಾಗೆ, ಆಲ್ಬಟ್ರಾಸ್ ಎಂಬ ದೊಡ್ಡ ಕಡಲಹಕ್ಕಿ, ದೈತ್ಯ ಆಮೆ. ರಾಯರು ಬರೆದದ್ದು: "ಇವಳು ನೀರುಕಾಗೆ ನೋಡೋದನ್ನ ನೋಡಬೇಕು."

ಟೀಚರ್ ಆ ಚೀಟಿಯನ್ನು ಮಡಿಸಿ ಪರ್ಸಿಗೆ ಹಾಕಿಕೊಂಡರು.

ಚೀಟಿ ಮುಂದಿಟ್ಟುಕೊಂಡು ನೋಡಿದರೆ ದಾರಿ ತಾನಾಗಿಯೇ ಕಂಡಿತು. ಅಲ್ಲಿ ಜೂನ್‌ನಿಂದ ನವೆಂಬರ್‌ವರೆಗೆ ಸಮುದ್ರ ಒರಟು. ಡಿಸೆಂಬರ್‌ನಿಂದ ಮೇವರೆಗೆ ಶಾಂತ. ಹಾಗಾಗಿ ಫೆಬ್ರವರಿ ಅಂತ ಇಟ್ಟುಕೊಂಡರು. ಆದರೆ ಫೆಬ್ರವರಿಯಲ್ಲಿ ಎಸ್ಪನ್ಯೋಲಾ ದ್ವೀಪದಲ್ಲಿ ಆಲ್ಬಟ್ರಾಸ್ ಇರುವುದಿಲ್ಲ, ಅವು ಕಡಲ ಮೇಲೆ ಇರುತ್ತವೆ. ಹಾಗಿದ್ದ ಮೇಲೆ ಅದಕ್ಕೋಸ್ಕರ ಪೂರ್ವದ ದ್ವೀಪಗಳಿಗೆ ಹೋಗಬೇಕಿಲ್ಲ. ನೀರುಕಾಗೆ ಇರುವುದು ಪಶ್ಚಿಮದ ಫರ್ನಾಂಡಿನಾ ಮತ್ತು ಇಸಬೆಲಾ ದ್ವೀಪಗಳ ಕರಾವಳಿಯಲ್ಲಿ ಮಾತ್ರ. ಪಶ್ಚಿಮಕ್ಕೆ ಹೋಗುವ 5 ದಿನದ ಕ್ರೂಸ್ ಇದೆ. ಆಮೆಗಳನ್ನು ಸಾಂಟಾ ಕ್ರೂಜ್ ದ್ವೀಪದಲ್ಲಿ ನೆಲದ ಮೇಲೆ ಇದ್ದುಕೊಂಡೇ ನೋಡಬಹುದು. ಅಲ್ಲಿ ಊರಿದೆ, ಹೋಟೆಲ್ ಇದೆ, ಡಾರ್ವಿನ್ ಹೆಸರಿನ ಸಂಶೋಧನಾ ಕೇಂದ್ರವೂ ಇದೆ. 5 ದಿನ ಹಡಗು, ಆಮೇಲೆ 3 ರಾತ್ರಿ ಆ ಊರಿನಲ್ಲಿ. ಹಡಗಿನಲ್ಲಿ ನಡುಭಾಗದ, ಕೆಳಗಿನ ಕ್ಯಾಬಿನ್ ಕೇಳಿ, ಅಲ್ಲಿ ಅಲುಗಾಟ ಕಡಿಮೆ ಎಂದೆ. ಬೇಡ ಅನಿಸಿದ ದಿನ ರಾಯರು ದಡಕ್ಕೆ ಇಳಿಯದೆ ಹಡಗಿನಲ್ಲೇ ಇರಲಿ, ಟೀಚರ್ ಒಬ್ಬರೇ ಹೋಗಿ ಬರಲಿ. ಅದಕ್ಕೆ ಯಾರೂ ಮುಖ ಸಪ್ಪೆ ಮಾಡಬಾರದು ಅಂತ ಇಬ್ಬರಿಂದಲೂ ಮಾತು ತೆಗೆದುಕೊಂಡೆ.

ಈ ಕಾಯಿಲೆ ಇಲ್ಲದಿದ್ದರೆ ನಾನು ಖಂಡಿತ 8 ದಿನದ್ದಕ್ಕೇ ಹೋಗಿ ಅಂತಿದ್ದೆ. ಟೀಚರ್‌ಗೂ ಆಲ್ಬಟ್ರಾಸ್ ತಪ್ಪಿದ್ದಕ್ಕೆ ಬೇಜಾರಿದೆ. ಅದನ್ನು ಮರೆಸಲು ನಾನು ಪ್ರಯತ್ನಿಸಲಿಲ್ಲ. ಅವರೇ ಒಂದು ಮಾತು ಹೇಳಿದರು: 1835ರಲ್ಲಿ ಐದು ವಾರ ಅಲ್ಲಿದ್ದ ಡಾರ್ವಿನ್ ಕಾಲಿಟ್ಟದ್ದು ನಾಲ್ಕೇ ದ್ವೀಪಗಳಿಗೆ. ಫರ್ನಾಂಡಿನಾಗೆ ಅವನೂ ಇಳಿದಿರಲಿಲ್ಲ. ಅವನಿಗೆ ಹಡಗಿನ ವಾಂತಿ ಪ್ರಯಾಣದ ಉದ್ದಕ್ಕೂ ಬಿಡಲಿಲ್ಲ ಅಂತ ಕೇಳಿ ರಾಯರ ಮುಖ ಅರಳಿತು.

ಲಸಿಕೆ ಬಗ್ಗೆ ಡಾಕ್ಟರ ಮಾತು ಬಂದ ಮೇಲೆಯೇ ಮುಂಗಡ ಕಟ್ಟುತ್ತಾರೆ. ಅದಕ್ಕೂ ಮೊದಲು ಒಂದು ಚಿಕ್ಕ ಪ್ರಯಾಣ ಮಾಡಿ ನೋಡಿ ಎಂದಿದ್ದೆ. ಬರುವ ಭಾನುವಾರ ತುಮಕೂರಿನಲ್ಲಿ ರಾಯರ ಅಣ್ಣನ ಮಗಳ ಮದುವೆ. ಇಬ್ಬರೂ ಹೋಗುತ್ತಿದ್ದಾರೆ. ದಾರಿಯಲ್ಲಿ ಕಾರು ನಿಲ್ಲಿಸುವ ಹೋಟೆಲ್‌ಗಳನ್ನು ಟೀಚರ್ ಒಂದು ಹಾಳೆಯಲ್ಲಿ ಕೆಂಪು ಪೆನ್ನಿನಿಂದ ಬರೆದಿಟ್ಟುಕೊಂಡಿದ್ದಾರೆ.