ಓದುಗರ ಪ್ರಶ್ನೆ: ಗುಡಿಯ ಹುಂಡಿಗೆ ಕೈ ಬಿದ್ದಾಗ

ಪ್ರಶ್ನೆ: ನಮ್ಮೂರ ಗುಡಿಯ ಬಾಗಿಲ ಬೀಗವನ್ನು ರಾತ್ರಿ ಮುರಿದು ಹುಂಡಿ ಒಡೆದಿದ್ದಾರೆ. ಹೋದದ್ದು ಮೂರು ಸಾವಿರದೊಳಗೆ. ಇಷ್ಟಕ್ಕೆಲ್ಲ ಠಾಣೆ ಯಾಕೆ, ದೇವರೇ ನೋಡಿಕೊಳ್ಳುತ್ತಾನೆ ಎನ್ನುತ್ತಾರೆ ಹಿರಿಯರು. ತೋಟದ ಲೈನ್‌ಮನೆಗಳನ್ನು (ಕೂಲಿಯವರ ಸಾಲುಮನೆಗಳನ್ನು) ತಡಕೋಣ ಎನ್ನುತ್ತಾರೆ ಹುಡುಗರು. ಏನು ಮಾಡಲಿ?
– ಸಮಿತಿ ಕಾರ್ಯದರ್ಶಿ, ವಿರಾಜಪೇಟೆ ತಾಲ್ಲೂಕು

ಉತ್ತರ: ಇವತ್ತೇ ದೂರು ಕೊಡಿ. ಮೊತ್ತ ಚಿಕ್ಕದಾದರೂ ಅಪರಾಧ ಚಿಕ್ಕದಲ್ಲ. ಕದಿಯಲೆಂದು ರಾತ್ರಿ ಬೀಗ ಮುರಿದು ಒಳನುಗ್ಗಿದರೆ ಭಾರತೀಯ ನ್ಯಾಯ ಸಂಹಿತೆಯ 331ನೇ ಕಲಂನಡಿ 14 ವರ್ಷದವರೆಗೂ ಶಿಕ್ಷೆಯಿದೆ. ನೀವು ಸುಮ್ಮನಾದರೆ ಅದೇ ಕೈ ಪಕ್ಕದೂರಿನ ಗುಡಿಗೆ ಹೋಗುತ್ತದೆ. ನಾಲ್ಕೂರಿನ ದೂರು ಒಟ್ಟು ಸೇರಿದಾಗಲೇ ಪೊಲೀಸರಿಗೆ ಜಾಡು ಹತ್ತುವುದು.

ಪೊಲೀಸರು ಬರುವ ತನಕ ಯಾರೂ ಒಳಗೆ ಕಾಲಿಡಬಾರದು. ಶುದ್ಧ ಮಾಡುವ ಆತುರಕ್ಕೆ ನೆಲ ತೊಳೆದರೆ ಹೆಜ್ಜೆ ಗುರುತು ಹೋಯಿತು, ಹುಂಡಿ ಒರೆಸಿದರೆ ಬೆರಳಚ್ಚು ಹೋಯಿತು. ಮುರಿದ ಬೀಗ ಬಿದ್ದಲ್ಲೇ ಇರಲಿ. ಮಳೆ ಹನಿಯುತ್ತಿದ್ದರೆ ಅಂಗಳದ ಕೆಸರಿನಲ್ಲಿರುವ ಹೆಜ್ಜೆಯ ಮೇಲೆ ಬಕೆಟ್ ಬೋರಲು ಹಾಕಿ. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತ, ಕೇಳಿ ಪಡೆಯಿರಿ. ಕ್ಯಾಮೆರಾ ಇದ್ದರೆ ಅಂದೇ ಪೊಲೀಸರಿಗೆ ತಿಳಿಸಿ: ಡಿಸ್ಕ್ ತುಂಬಿದೊಡನೆ ಹಳೆಯ ದೃಶ್ಯ ಅಳಿಸಿ ಹೊಸದು ಕೂರುತ್ತದೆ. ದೃಶ್ಯ ದಾಖಲಿಸುವ ಪೆಟ್ಟಿಗೆಯ (ಡಿವಿಆರ್) ಗಡಿಯಾರ ಎಷ್ಟು ನಿಮಿಷ ಹಿಂದು-ಮುಂದಿದೆ ಎಂಬುದನ್ನೂ ಬರೆದಿಡಿ.

ಲೈನ್‌ಮನೆ ತಡಕುವ ಹಕ್ಕು ಊರವರಿಗಿಲ್ಲ. ಕಣ್ಣೆದುರೇ ಬೀಗ ಮುರಿಯುವವನನ್ನು ಹಿಡಿದರೂ ತಡಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ, ಪೊಲೀಸರಿಗೆ ಒಪ್ಪಿಸಬೇಕು. ಹೊಡೆದರೆ ಕೇಸು ನಿಮ್ಮ ಮೇಲೆ. ಕಾಫಿ ಕುಯ್ಲಿಗೆ ಬಂದವರ ಮೇಲೆ ಬೆರಳು ತೋರಿಸುವುದು ಸುಲಭ, ಆದರೆ ಅದು ಅನ್ಯಾಯ. ಹುಂಡಿ ಯಾವಾಗ ತುಂಬಿರುತ್ತದೆಂದು ಬಲ್ಲವರು ಊರೊಳಗೂ ಇರುತ್ತಾರೆ.

ಇನ್ನು ಊರಿನ ಹೊಣೆ. ಹಬ್ಬದ ಹಣವನ್ನು ಅದೇ ಸಂಜೆ ತಕ್ಕರ (ಊರಿನ ಪರಂಪರೆಯ ಮುಖ್ಯಸ್ಥರ) ಮುಂದೆ ಎಣಿಸಿ, ಇಬ್ಬರು ಸಹಿ ಹಾಕಿ, ಬ್ಯಾಂಕ್ ತೆರೆದ ದಿನವೇ ಕಟ್ಟಿ. ಖಾಲಿ ಹುಂಡಿಯ ಬಾಗಿಲನ್ನು ತೆರೆದೇ ಇಟ್ಟರೆ ಒಡೆಯುವವರಿಲ್ಲ. ವಿಗ್ರಹ, ಬೆಳ್ಳಿ ಒಡವೆಗಳನ್ನು ತೂಗಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ನಾಲ್ಕೂ ಬದಿಯಿಂದ ಫೋಟೊ ತೆಗೆಯಿರಿ. ಸೀಳು, ಬೆಸುಗೆ, ಸವೆದ ಅಂಚು ಕಾಣಬೇಕು. ಆ ಗುರುತಿಲ್ಲದಿದ್ದರೆ ಮಾಲು ಸಿಕ್ಕರೂ ಅದು ನಿಮ್ಮ ಗುಡಿಯದೆಂದು ತೋರಿಸುವುದು ಕಷ್ಟ.

ಪ್ರಶ್ನೆ: ರಸ್ತೆ ಬದಿಯ ಹುಂಡಿಯ ಬೀಗ ಸರಿಯಾಗಿಯೇ ಇದೆ, ಆದರೆ ನೋಟು ಕಡಿಮೆಯಾಗುತ್ತಿದೆ.
– ಓದುಗರು, ಸೋಮವಾರಪೇಟೆ

ಉತ್ತರ: ಕಿಂಡಿಯ ಅಂಚು ಮುಟ್ಟಿ ನೋಡಿ. ಅಂಟಂಟಾಗಿದ್ದರೆ ಕಡ್ಡಿಗೆ ಗೋಂದು ಹಚ್ಚಿ ನೋಟು ಎತ್ತುತ್ತಿದ್ದಾರೆ. ಕಿಂಡಿಯ ಕೆಳಗೆ ಒಳಬದಿಯಲ್ಲಿ ಓರೆಯಾದ ಎರಡು ತಗಡುಗಳನ್ನು ಎದುರುಬದುರಾಗಿ, ಒಂದರ ಕೆಳಗೊಂದು ಬೆಸುಗೆ ಹಾಕಿಸಿ: ನೋಟು ಜಾರಿ ಬೀಳುತ್ತದೆ, ಕಡ್ಡಿ ತಳ ಮುಟ್ಟದು. ತಗಡು ತೀರಾ ಹತ್ತಿರವಾದರೆ ಮಳೆಗಾಲದ ತೇವಕ್ಕೆ ನೋಟು ಅಲ್ಲೇ ಅಂಟುತ್ತದೆ, ಆದ್ದರಿಂದ ಎರಡು ಬೆರಳಗಲ ಬಿಡಿಸಿ.